ಹಡ್ಸನ್ ನದಿಯ ಎರಡೂ ದಡಕ್ಕೆ ಲೈಸೆನ್ಸ್ ಬೇಕಾ?

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಮಗಳು ನ್ಯೂಯಾರ್ಕ್‌ನಲ್ಲಿ ಜೆಡಿ (ಇಲ್ಲಿಯ ಕಾನೂನು ಡಿಗ್ರಿ) ಕೊನೆಯ ವರ್ಷ ಓದುತ್ತಿದ್ದಾಳೆ. ಒಂದೇ ಪರೀಕ್ಷೆ ಬರೆದು ನ್ಯೂಯಾರ್ಕ್, ನ್ಯೂಜೆರ್ಸಿ ಎರಡರಲ್ಲೂ ಲೈಸೆನ್ಸ್ ತಗೊಳ್ತೀನಿ, ಆಮೇಲೆ ಇನ್ನೂ ಒಂದೆರಡು ರಾಜ್ಯ ಸೇರಿಸ್ತೀನಿ ಅಂತಾಳೆ. ಹಾಸನದಲ್ಲಿ ವಕೀಲನಾಗಿರುವ ನನ್ನ ತಮ್ಮ ಒಂದೇ ಸನ್ನದು ಇಟ್ಟುಕೊಂಡು ದೇಶದಲ್ಲಿ ಎಲ್ಲಿ ಬೇಕಾದರೂ ವಾದ ಮಾಡಬಹುದಂತೆ. ಇಲ್ಲಿ ಯಾಕೆ ಹೀಗೆ? ಜಾಸ್ತಿ ಲೈಸೆನ್ಸ್ ಇದ್ದರೆ ಜಾಸ್ತಿ ಸಂಬಳವಾ? ತಮ್ಮನ ಮಗ ಬೆಂಗಳೂರಿನಲ್ಲಿ ಐದು ವರ್ಷದ ಬಿಎ ಎಲ್‌ಎಲ್‌ಬಿ ಓದುತ್ತಿದ್ದಾನೆ. ಅವನೂ ಇಲ್ಲಿಗೆ ಬರಬಹುದಾ?

ಉತ್ತರ: ನಿಮ್ಮ ತಮ್ಮ ಹೇಳಿದ್ದು ಸರಿ. ಭಾರತದಲ್ಲಿ 1961ರ ವಕೀಲರ ಕಾಯ್ದೆಯ ಪ್ರಕಾರ ಒಬ್ಬರ ಹೆಸರು ಒಂದೇ ರಾಜ್ಯದ ವಕೀಲರ ಪರಿಷತ್ತಿನ ಪಟ್ಟಿಯಲ್ಲಿರಬೇಕು. ಎರಡು ಕಡೆ ಇರುವ ಹಾಗೇ ಇಲ್ಲ. ಆದರೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ಸನ್ನದು ಇದ್ದವರು ಚೆನ್ನೈಯಲ್ಲೂ ವಕಾಲತ್ತು ಹಾಕಬಹುದು, ದೆಹಲಿಯಲ್ಲೂ ಹಾಕಬಹುದು. ತಮಾಷೆ ಏನೆಂದರೆ, ಈ ಹಕ್ಕು ಕೊಡುವ 30ನೇ ಸೆಕ್ಷನ್ ಜಾರಿಗೆ ಬಂದದ್ದು 2011ರ ಜೂನ್‌ನಲ್ಲಿ. ಕಾಯ್ದೆಗೆ ಐವತ್ತು ತುಂಬಿದ ಮೇಲೆ!

ಅಮೆರಿಕದಲ್ಲಿ ಇದು ಪೂರ್ತಿ ಉಲ್ಟಾ. ಇಡೀ ದೇಶಕ್ಕೆ ಅನ್ನುವ ವಕೀಲಿ ಲೈಸೆನ್ಸೇ ಇಲ್ಲ. ಯಾರನ್ನು ವಕೀಲರನ್ನಾಗಿ ಸೇರಿಸಿಕೊಳ್ಳಬೇಕು ಅನ್ನುವುದು ಆಯಾ ರಾಜ್ಯದ ಕೋರ್ಟ್‌ಗೆ ಬಿಟ್ಟ ವಿಷಯ. ನಿಮ್ಮ ನ್ಯೂಜೆರ್ಸಿ ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಕ್ಯಾಲಿಫೋರ್ನಿಯಾವರೆಗೂ ಕಾರು ಓಡಿಸಿಕೊಂಡು ಹೋಗಬಹುದು. ಮಗಳ ಲೈಸೆನ್ಸ್ ಮಾತ್ರ, ಎರಡು ರಾಜ್ಯದ ನಡುವಿನ ಹಡ್ಸನ್ ನದಿಗೆ ಕಟ್ಟಿದ ಜಾರ್ಜ್ ವಾಷಿಂಗ್ಟನ್ ಸೇತುವೆಯ ನಡುವೆಯೇ ಮುಗಿದುಹೋಗುತ್ತದೆ.

ಇದು ಸುಮ್ನೆ ಹಟಕ್ಕೆ ಮಾಡಿಕೊಂಡ ನಿಯಮವೂ ಅಲ್ಲ. ಮದುವೆ, ಡೈವೋರ್ಸ್, ವಿಲ್, ಮನೆ ವ್ಯಾಪಾರ, ಅಪಘಾತದ ಪರಿಹಾರ, ಬಾಡಿಗೆ ಜಗಳ, ಇವೆಲ್ಲ ಇಲ್ಲಿ ರಾಜ್ಯದ ಕಾನೂನು. ಪಕ್ಕದ ರಾಜ್ಯದಲ್ಲಿ ಅದು ಬೇರೆಯೇ ಇರುತ್ತದೆ. ನೀವು ಎಡಿಸನ್‌ನಲ್ಲಿ ಮನೆ ಕೊಂಡಾಗ ಏಜೆಂಟ್ ಮಾಡಿಕೊಟ್ಟ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ, ಮೂರು ದಿನ ವಕೀಲರ ಹತ್ತಿರ ತೋರಿಸಿಕೊಳ್ಳಲು ಅವಕಾಶ ಇತ್ತು, ನೆನಪಿದೆಯಾ? ಅದು ನ್ಯೂಜೆರ್ಸಿ ಪದ್ಧತಿ. ನದಿಯ ಆಚೆ ಕ್ವೀನ್ಸ್‌ನಲ್ಲಿ ಮಾರುವವರ ವಕೀಲರೇ ಒಪ್ಪಂದ ಬರೆಯುತ್ತಾರೆ, ಎರಡೂ ಕಡೆ ವಕೀಲರು ತಿದ್ದಿ ತೀಡಿದ ಮೇಲೇ ಸಹಿ. ಆಮೇಲೆ ಮೂರು ದಿನದ ಲೆಕ್ಕ ಇಲ್ಲ. ಒಂದು ಗಂಟೆಯ ದಾರಿಯಲ್ಲಿ ಇಷ್ಟು ವ್ಯತ್ಯಾಸ.

ನಾನು ಎರಡೂ ದಡದಲ್ಲಿ ಕೆಲಸ ಮಾಡುವವನು. ಒಂದು ಕಥೆ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ನಾನಿದ್ದ ಒಂದು ಆಫೀಸಿಗೆ ಕ್ವೀನ್ಸ್‌ನ ಕಕ್ಷಿದಾರರೊಬ್ಬರು ಬಂದಿದ್ದರು. ಅಪಘಾತ ಆದದ್ದು ನ್ಯೂಜೆರ್ಸಿ ಹೆದ್ದಾರಿಯಲ್ಲಿ. ಗುದ್ದಿದವನೂ ನ್ಯೂಜೆರ್ಸಿಯವನೇ. ಕಕ್ಷಿದಾರರ ವಿಳಾಸ ನ್ಯೂಯಾರ್ಕ್ ಅಂತ ನೋಡಿದವರು ದಾವೆ ಹಾಕಲು ಕ್ಯಾಲೆಂಡರಿನಲ್ಲಿ ಮೂರು ವರ್ಷದ ಗಡುವು ಬರೆದುಬಿಟ್ಟಿದ್ದರು. ನ್ಯೂಯಾರ್ಕ್‌ನಲ್ಲಿ ಇಂಥ ಕೇಸಿಗೆ ಮೂರು ವರ್ಷ, ನ್ಯೂಜೆರ್ಸಿಯಲ್ಲಿ ಎರಡೇ ವರ್ಷ. ಗುದ್ದಿದವನನ್ನು ನ್ಯೂಯಾರ್ಕ್ ಕೋರ್ಟಿಗೆ ಎಳೆಯಲು ಆಗುವುದಿಲ್ಲ, ಯಾಕೆಂದರೆ ಅವನಿಗೂ ಆ ರಾಜ್ಯಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ನ್ಯೂಜೆರ್ಸಿಯಲ್ಲೇ ದಾವೆ ಹಾಕಬೇಕು, ಎರಡು ವರ್ಷದೊಳಗೆ ಹಾಕಬೇಕು. ಫೈಲು ನನ್ನ ಕೈಗೆ ಬಂದಾಗ ಐದು ವಾರ ಉಳಿದಿತ್ತು. ಅವತ್ತು ಮಧ್ಯಾಹ್ನದ ಊಟ ಗಂಟಲಲ್ಲಿ ಇಳಿಯಲಿಲ್ಲ. ದಾವೆ ಸಮಯಕ್ಕೆ ಬಿತ್ತು, ಬಚಾವಾದೆವು. ಎರಡನೇ ಲೈಸೆನ್ಸ್ ಅಂದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಆ ಕ್ಯಾಲೆಂಡರ್. ಲೈಸೆನ್ಸ್ ಕಾಗದ ಗೋಡೆಯ ಮೇಲೆ ಇರುತ್ತದೆ. ಎರಡು ರಾಜ್ಯದ ಲೆಕ್ಕ ತಲೆಯಲ್ಲಿ ಇರಬೇಕು.

ಈಗ ಮಗಳ ಯೋಜನೆಗೆ ಬರೋಣ. ಅವಳು ಹೇಳುವ ಮೊದಲ ಭಾಗಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಯುಬಿಇ ಅನ್ನುವ, ಹಲವು ರಾಜ್ಯಗಳಿಗೆ ಒಂದೇ ಆದ ಬಾರ್ ಪರೀಕ್ಷೆ (ವಕೀಲಿ ಲೈಸೆನ್ಸಿನ ಪರೀಕ್ಷೆ) 2011ರಲ್ಲಿ ಶುರುವಾಯಿತು. ನ್ಯೂಯಾರ್ಕ್ ಅದನ್ನು 2016ರ ಜುಲೈನಲ್ಲಿ ತಂದಿತು, ನ್ಯೂಜೆರ್ಸಿ 2017ರ ಫೆಬ್ರವರಿಯಲ್ಲಿ. ಎರಡು ದಿನದ ಪರೀಕ್ಷೆ. ಒಂದು ದಿನ 200 ಬಹು ಆಯ್ಕೆ ಪ್ರಶ್ನೆಗಳು. ಇನ್ನೊಂದು ದಿನ ಆರು ಪ್ರಬಂಧ, ಜೊತೆಗೆ ತಲಾ ಒಂದೂವರೆ ಗಂಟೆಯ ಎರಡು ಪ್ರಾಯೋಗಿಕ ಬರವಣಿಗೆ. ಒಟ್ಟು 400 ಅಂಕ. ಪಾಸಾಗಲು ನ್ಯೂಯಾರ್ಕ್‌ಗೂ 266, ನ್ಯೂಜೆರ್ಸಿಗೂ 266. ಮ್ಯಾಸಚೂಸೆಟ್ಸ್ 270 ಕೇಳುತ್ತದೆ, ಮಿಸ್ಸೌರಿ 260ಕ್ಕೆ ಒಪ್ಪುತ್ತದೆ. ಒಂದು ಕಡೆ ಬರೆದ ಅಂಕವನ್ನು ಇನ್ನೊಂದು ರಾಜ್ಯಕ್ಕೆ ವರ್ಗಾಯಿಸಬಹುದು. ನಮ್ಮ ಕಾಲದಲ್ಲಿ ಈ ಭಾಗ್ಯ ಇರಲಿಲ್ಲ. ನ್ಯೂಯಾರ್ಕ್ ಪರೀಕ್ಷೆ ಮುಗಿಸಿ, ಅದೇ ವಾರ ರಾತ್ರೋರಾತ್ರಿ ಪ್ರಯಾಣ ಮಾಡಿ ನ್ಯೂಜೆರ್ಸಿ ಪರೀಕ್ಷೆಗೆ ಕೂತವರನ್ನು ನಾನು ಬಲ್ಲೆ.

ಒಂದು ಎಚ್ಚರಿಕೆ. ಈ ಅಂಕಕ್ಕೆ ಆಯಸ್ಸು ಇದೆ. ನ್ಯೂಯಾರ್ಕ್‌ನಲ್ಲಾಗಲಿ ನ್ಯೂಜೆರ್ಸಿಯಲ್ಲಾಗಲಿ ಮೂರು ವರ್ಷದ ಒಳಗೆ ಬಳಸಿಕೊಳ್ಳಬೇಕು. ಆಮೇಲೆ ಮಾಡಿದರಾಯಿತು ಅಂತ ಬಿಟ್ಟವರು ಬಾಗಿಲು ಮುಚ್ಚಿದ ಮೇಲೆ ಕೈ ಕೈ ಹಿಸುಕಿಕೊಂಡಿದ್ದಾರೆ. ಹಾಗಾಗಿ ಎರಡನೇ ಲೈಸೆನ್ಸ್ ಬೇಕು ಅಂತಿದ್ದರೆ ಮೊದಲ ವರ್ಷದಲ್ಲೇ ಅರ್ಜಿ ಹಾಕಲಿ. ಇನ್ನೊಂದು ವಿಷಯ: 2026ರ ಜುಲೈನಿಂದ ಕೆಲವು ರಾಜ್ಯಗಳಲ್ಲಿ ನೆಕ್ಸ್ಟ್‌ಜೆನ್ ಅನ್ನುವ ಹೊಸ ಮಾದರಿಯ ಪರೀಕ್ಷೆ. ಎಲ್ಲ ರಾಜ್ಯಗಳೂ ಒಂದೇ ದಿನ ಅದಕ್ಕೆ ಹೋಗುತ್ತಿಲ್ಲ. ಮಗಳು ಬರೆಯುವ ವರ್ಷ ತನಗೆ ಬೇಕಾದ ರಾಜ್ಯಗಳು ಯಾವುದರಲ್ಲಿವೆ ಅಂತ ಮೊದಲೇ ನೋಡಿಕೊಳ್ಳಲಿ.

ವಕೀಲರ ನೀತಿ ನಿಯಮಗಳ ಮೇಲೆ ಎಂಪಿಆರ್‌ಇ ಅನ್ನುವ ಪರೀಕ್ಷೆ ಬೇರೆ ಇದೆ. ನ್ಯೂಯಾರ್ಕ್‌ಗೆ 85 ಬೇಕು, ಕ್ಯಾಲಿಫೋರ್ನಿಯಾಕ್ಕೆ 86. ಆ ಒಂದು ಅಂಕಕ್ಕಾಗಿ ಮತ್ತೆ ಕೂರಬೇಕಾಗಿ ಬಂದರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಒಂದೇ ಸಲಕ್ಕೆ ಚೆನ್ನಾಗಿ ಓದಿ ಬರೆಯಲಿ. ನ್ಯೂಯಾರ್ಕ್‌ಗೆ ಇನ್ನೂ ಕೆಲವು ಷರತ್ತು ಇವೆ. ಆನ್‌ಲೈನ್‌ನಲ್ಲಿ ಆ ರಾಜ್ಯದ ಕಾನೂನಿನ ಕೋರ್ಸ್ ಮುಗಿಸಿ 50 ಪ್ರಶ್ನೆಯ ಪರೀಕ್ಷೆ ಬರೆಯಬೇಕು. ಸೇರುವ ಮುಂಚೆ 50 ಗಂಟೆ ಉಚಿತ ಕಾನೂನು ಸೇವೆ ಮಾಡಿರಬೇಕು. ಈ ಸೇವೆಯನ್ನು ಕಾಲೇಜಿನಲ್ಲಿರುವಾಗಲೇ ಮುಗಿಸಿಕೊಳ್ಳುವುದು ಜಾಣತನ.

ಪರೀಕ್ಷೆಗಿಂತ ಜಾಸ್ತಿ ಜನ ಒದ್ದಾಡುವುದು ನಡತೆಯ ಪರಿಶೀಲನೆಯಲ್ಲಿ. ಇದಕ್ಕೆ ಕ್ಯಾರೆಕ್ಟರ್ ಅಂಡ್ ಫಿಟ್‌ನೆಸ್ ಅಂತಾರೆ. ಇದನ್ನು ಪ್ರತಿ ರಾಜ್ಯವೂ ತಾನೇ ಹೊಸದಾಗಿ ಮಾಡುತ್ತದೆ. ಹಳೆಯ ವಿಳಾಸಗಳು, ಹಳೆಯ ಕೆಲಸಗಳು, ಸಾಲ, ಕೇಸು, ಕಾಲೇಜಿನಲ್ಲಿ ಬಿದ್ದ ಛೀಮಾರಿ, ಎಲ್ಲ ಬರೆಯಬೇಕು. ತಪ್ಪು ಮಾಡಿದವರಿಗಿಂತ ಮುಚ್ಚಿಟ್ಟವರಿಗೆ ಕಷ್ಟ ಜಾಸ್ತಿ. ಲಾ ಸ್ಕೂಲ್ ಅರ್ಜಿಯಲ್ಲಿ ಬರೆದದ್ದಕ್ಕೂ ಬಾರ್ ಅರ್ಜಿಯಲ್ಲಿ ಬರೆದದ್ದಕ್ಕೂ ತಾಳೆ ಹಾಕುತ್ತಾರೆ. ಎರಡು ರಾಜ್ಯಕ್ಕೆ ಎರಡು ಥರ ಬರೆದರಂತೂ ಮುಗಿಯಿತು. ಮೊದಲ ಅರ್ಜಿಯ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಲು ಹೇಳಿ. ನಾನು ಇವತ್ತಿಗೂ ಇಟ್ಟುಕೊಂಡಿದ್ದೇನೆ, ನನ್ನ ಜಾತಕ ಕಳೆದುಹೋದರೂ ಅದು ಕಳೆದಿಲ್ಲ.

ಅವಳು ಆ ರಾಜ್ಯದಲ್ಲೇ ವಾಸ ಮಾಡಬೇಕಾ ಅಂತ ನೀವು ಕೇಳಿಲ್ಲ, ಆದರೆ ಮುಂದೆ ಕೇಳುತ್ತೀರಿ. ಬೇಕಾಗಿಲ್ಲ. ಇದಕ್ಕೆ ಕಾರಣ ಕ್ಯಾಥರಿನ್ ಪೈಪರ್ ಅನ್ನುವವರು. ಅವರ ಮನೆ ಇದ್ದದ್ದು ವರ್ಮಾಂಟ್‌ನಲ್ಲಿ, ನ್ಯೂ ಹ್ಯಾಂಪ್‌ಶೈರ್ ಗಡಿಯಿಂದ ಬರೀ 400 ಗಜ ದೂರ. ನ್ಯೂ ಹ್ಯಾಂಪ್‌ಶೈರ್ ಪರೀಕ್ಷೆ ಪಾಸು ಮಾಡಿದರು. ನೀವು ನಮ್ಮ ರಾಜ್ಯದ ನಿವಾಸಿ ಅಲ್ಲ ಅಂತ ಆ ರಾಜ್ಯ ಲೈಸೆನ್ಸ್ ಕೊಡಲಿಲ್ಲ. ಪೈಪರ್ ಸುಮ್ಮನೆ ಕೂರಲಿಲ್ಲ. 1985ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಹೊರಗಿನವರು ಅನ್ನುವ ಒಂದೇ ಕಾರಣಕ್ಕೆ ವಕೀಲರನ್ನು ತಡೆಯುವ ಹಾಗಿಲ್ಲ ಅಂತಾಯಿತು. ಗಡಿಯಲ್ಲಿ ಬದುಕುವ ನಮ್ಮಂಥವರೆಲ್ಲ ಆಕೆಗೆ ಋಣಿ. ಆದರೂ ವಾಸ ಬೇರೆ, ಆಫೀಸು ಬೇರೆ. ಹೊರರಾಜ್ಯದಲ್ಲಿ ವಾಸಿಸುವ ವಕೀಲರು ನ್ಯೂಯಾರ್ಕ್‌ನಲ್ಲಿ ಆಫೀಸು ಇಟ್ಟಿರಬೇಕು ಅನ್ನುವ ಹಳೆಯ ಕಾನೂನನ್ನು ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ನಲ್ಲಿದ್ದ ವಕೀಲೆಯೊಬ್ಬರು ಪ್ರಶ್ನಿಸಿದ್ದರು. 2016ರಲ್ಲಿ ಫೆಡರಲ್ (ಅಂದರೆ ಕೇಂದ್ರದ) ಮೇಲ್ಮನವಿ ಕೋರ್ಟ್ ಆ ಕಾನೂನನ್ನೇ ಎತ್ತಿಹಿಡಿಯಿತು. ಎಡಿಸನ್ ಮನೆಯಿಂದಲೇ ಸ್ವಂತ ಪ್ರಾಕ್ಟೀಸ್ ಮಾಡುವ ಆಸೆ ಅವಳಿಗಿದ್ದರೆ, ಆ ಹೊತ್ತಿಗೆ ಈ ನಿಯಮ ಹೇಗಿದೆ ಅಂತ ನೋಡಿಕೊಂಡೇ ಬೋರ್ಡು ಹಾಕಲಿ.

ಲೈಸೆನ್ಸ್ ಇಲ್ಲದ ರಾಜ್ಯದಲ್ಲಿ ಕೈ ಹಾಕಿದರೆ ಏನಾಗುತ್ತದೆ? ಇಲ್ಲಿ ಎರಡು ಕೇಸು ಹೇಳಲೇಬೇಕು. ಒಂದು ದೊಡ್ಡದು. ನ್ಯೂಯಾರ್ಕ್‌ನ ಬರ್‌ಬ್ರೋವರ್ ಅನ್ನುವ ವಕೀಲರ ಸಂಸ್ಥೆ ಕ್ಯಾಲಿಫೋರ್ನಿಯಾದ ಒಂದು ಕಂಪನಿಯ ಜಗಳ ಹಿಡಿಯಿತು. ಅಲ್ಲಿಗೆ ಹಲವು ಸಲ ಹೋಗಿ ಮಾತುಕತೆ ನಡೆಸಿತು, ಸಲಹೆ ಕೊಟ್ಟಿತು. ಫೀ ಹತ್ತು ಲಕ್ಷ ಡಾಲರಿಗೂ ಮೇಲೆ. ಆ ವಕೀಲರಲ್ಲಿ ಯಾರಿಗೂ ಕ್ಯಾಲಿಫೋರ್ನಿಯಾ ಲೈಸೆನ್ಸ್ ಇರಲಿಲ್ಲ. 1998ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಹೇಳಿತು: ಕ್ಯಾಲಿಫೋರ್ನಿಯಾದಲ್ಲಿ ಮಾಡಿದ ಕೆಲಸಕ್ಕೆ ಫೀ ಕೇಳುವ ಹಾಗಿಲ್ಲ. ಕಾಲಿಡಲೇಬೇಕು ಅಂತಿಲ್ಲ, ಫೋನು, ಫ್ಯಾಕ್ಸು, ಕಂಪ್ಯೂಟರ್ ಮೂಲಕ ಮಾಡಿದರೂ ಅದು ಇಲ್ಲಿ ವಕೀಲಿ ಮಾಡಿದ ಹಾಗೇ ಆಗಬಹುದು ಅಂತಲೂ ಸೇರಿಸಿತು. ವಕೀಲರೆಲ್ಲ ಬೆಚ್ಚಿಬಿದ್ದರು. 2002ರಲ್ಲಿ ಇಲ್ಲಿಯ ವಕೀಲರ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್ ತನ್ನ ಮಾದರಿ ನಿಯಮವನ್ನೇ ತಿದ್ದಿತು. ತಾತ್ಕಾಲಿಕವಾಗಿ ಬೇರೆ ರಾಜ್ಯಕ್ಕೆ ಹೋಗಿ ಮಾಡಬಹುದಾದ ಕೆಲಸ ಯಾವುದು ಅಂತ ಅದರಲ್ಲಿ ಬರೆದಿದೆ.

ಇನ್ನೊಂದು ತೀರಾ ಮನೆಮಟ್ಟದ್ದು. ಕೊಲರಾಡೋದ ವಕೀಲರೊಬ್ಬರ ಅತ್ತೆ ಮಾವ ಮಿನ್ನೆಸೋಟಾದಲ್ಲಿದ್ದರು. ಅವರ ಅಪಾರ್ಟ್‌ಮೆಂಟ್ ಸಂಘಕ್ಕೆ 2,368 ಡಾಲರ್ ಚಿಲ್ಲರೆ ಕಟ್ಟಬೇಕು ಅಂತ ಕೋರ್ಟ್ ಆದೇಶ ಆಗಿತ್ತು. ಅಳಿಯ ಸಹಾಯ ಮಾಡೋಣ ಅಂತ ಕೊಲರಾಡೋದಲ್ಲೇ ಕೂತು ಆ ಕಡೆಯ ವಕೀಲರಿಗೆ ಈಮೇಲ್ ಬರೆದು ಚೌಕಾಸಿ ಮಾಡಿದರು. ಆ ಕಡೆಯವರು ದೂರು ಕೊಟ್ಟರು. 2016ರಲ್ಲಿ ಮಿನ್ನೆಸೋಟಾ ಸುಪ್ರೀಂ ಕೋರ್ಟ್ ಆ ಅಳಿಯನಿಗೆ ಕೊಟ್ಟಿದ್ದ ಎಚ್ಚರಿಕೆಯನ್ನು ಖಾಯಂ ಮಾಡಿತು. ನ್ಯಾಯಮೂರ್ತಿಗಳಲ್ಲೇ ನಾಲ್ಕು ಮೂರು ಅಂತ ಭಾಗವಾಗಿತ್ತು. ನನ್ನ ಪ್ರಕಾರ ಎಚ್ಚರಿಕೆ ಬೇಡ ಅಂದ ಆ ಮೂವರೇ ಸರಿ. ಆದರೆ ನನ್ನ ಅಭಿಪ್ರಾಯದಿಂದ ಯಾರ ಲೈಸೆನ್ಸೂ ಉಳಿಯುವುದಿಲ್ಲ. ಮಗಳು ವಕೀಲೆ ಆದ ಕೂಡಲೇ ಟೆಕ್ಸಾಸ್‌ನ ಚಿಕ್ಕಪ್ಪ, ಇಲಿನಾಯ್‌ನ ಅತ್ತಿಗೆ ಎಲ್ಲರೂ ಫೋನ್ ಮಾಡುತ್ತಾರೆ. "ಒಂದು ಚಿಕ್ಕ ಲೆಟರ್ ಬರೆದುಕೊಡಮ್ಮ" ಅಂತಾರೆ. ಆ ಚಿಕ್ಕ ಲೆಟರೇ ಅಪಾಯ. ನೀವೇ ಅಡ್ಡ ನಿಂತು ಬೇಡ ಅನ್ನಿ.

ಹಾಗಾದರೆ ಒಂದೇ ರಾಜ್ಯದ ಲೈಸೆನ್ಸ್ ಇಟ್ಟುಕೊಂಡು ದೇಶವೆಲ್ಲ ಕೆಲಸ ಮಾಡುವವರು ಇಲ್ಲವಾ? ಇದ್ದಾರೆ. ನಿಮ್ಮ ಮನೆಯಲ್ಲೇ ಯಾರಿಗಾದರೂ ಎಚ್-1ಬಿ ಆಗಿದ್ದರೆ ಅಂಥವರನ್ನು ನೋಡಿರುತ್ತೀರಿ. ವಲಸೆ ಕಾನೂನು ಪೂರ್ತಿ ಫೆಡರಲ್. ಯಾವುದೋ ಒಂದು ರಾಜ್ಯದ ಲೈಸೆನ್ಸ್ ಇದ್ದರೆ ಸಾಕು, ಎಲ್ಲ ರಾಜ್ಯದವರ ವೀಸಾ, ಗ್ರೀನ್ ಕಾರ್ಡ್ ಕೆಲಸ ಮಾಡಬಹುದು. ಹಾಗಂತ ಅದೇ ವಕೀಲರು ನಿಮ್ಮ ಎಡಿಸನ್ ಮನೆಯ ವಿಲ್ ಬರೆದುಕೊಡಲು ಆಗದಿರಬಹುದು. ಪೇಟೆಂಟ್ ಕೆಲಸವೂ ಹೀಗೇ. ಫೆಡರಲ್ ಪೇಟೆಂಟ್ ಕಚೇರಿ ಒಪ್ಪಿದವರನ್ನು ರಾಜ್ಯ ತಡೆಯುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1963ರಲ್ಲೇ ಫ್ಲೋರಿಡಾದ ಒಂದು ಕೇಸಿನಲ್ಲಿ ಹೇಳಿದೆ. ಫೆಡರಲ್ ಸರ್ಕಾರದ ವಕೀಲರಿಗೂ ಸಾಮಾನ್ಯವಾಗಿ ಒಂದು ಲೈಸೆನ್ಸ್ ಸಾಕು. ಕಂಪನಿಯೊಳಗೆ ಕೂತು ಆ ಒಂದು ಕಂಪನಿಗೇ ಕೆಲಸ ಮಾಡುವವರಿಗೆ ಬಹಳ ರಾಜ್ಯಗಳಲ್ಲಿ ಪ್ರತ್ಯೇಕ ನೋಂದಣಿ ಇದೆ, ಪರೀಕ್ಷೆ ಬೇಡ. ಒಂದೇ ಒಂದು ಕೇಸಿಗೆ ಬೇರೆ ರಾಜ್ಯದ ಕೋರ್ಟಿಗೆ ಹೋಗಬೇಕಾದರೆ ಅಲ್ಲಿಯ ವಕೀಲರೊಬ್ಬರನ್ನು ಜೊತೆಗಿಟ್ಟುಕೊಂಡು ಅನುಮತಿ ಕೇಳಬಹುದು. ಅದಕ್ಕೆ ಪ್ರೊ ಹಾಕ್ ವೀಚೆ ಅಂತಾರೆ, ಈ ಸಲಕ್ಕೆ ಮಾತ್ರ ಅಂತ ಅರ್ಥ.

ಸಂಬಳದ ಪ್ರಶ್ನೆ. ನೇರವಾಗಿ ಹೇಳುತ್ತೇನೆ. ಮ್ಯಾನ್‌ಹಾಟನ್‌ನ ದೊಡ್ಡ ಸಂಸ್ಥೆಗಳು ಎರಡನೇ ಲೈಸೆನ್ಸ್‌ಗೆ ಒಂದು ಡಾಲರೂ ಜಾಸ್ತಿ ಕೊಟ್ಟದ್ದನ್ನು ನಾನು ನೋಡಿಲ್ಲ. ಅಲ್ಲಿ ಅವರದ್ದೇ ಬೇರೆ ಬೇರೆ ರಾಜ್ಯದ ಆಫೀಸುಗಳಿರುತ್ತವೆ. ಆದರೆ ಗಡಿಯ ಹತ್ತಿರದ ಸಣ್ಣ, ಮಧ್ಯಮ ಆಫೀಸುಗಳಲ್ಲಿ ಕಥೆಯೇ ಬೇರೆ. ಮನೆ ವ್ಯಾಪಾರ, ಕುಟುಂಬದ ಕೇಸು, ಅಪಘಾತ, ವಿಮೆ ಕಂಪನಿಗಳ ಪರ ಕೆಲಸ, ನೌಕರಿಯ ಜಗಳ, ಇವುಗಳಲ್ಲಿ ಎರಡೂ ದಡದ ಲೈಸೆನ್ಸ್ ಇಲ್ಲದಿದ್ದರೆ ಅರ್ಜಿಯನ್ನೇ ತೆಗೆದು ಪಕ್ಕಕ್ಕಿಡುತ್ತಾರೆ. ಅಂದರೆ ಸಂಬಳ ಏರುವುದಕ್ಕಿಂತ ಕೆಲಸ ಸಿಗುವುದಕ್ಕೆ ಅದು ಬೇಕು. ಸ್ವಂತ ಆಫೀಸು ಹಾಕಿದ ಮೇಲಂತೂ ಬಂದ ಕಕ್ಷಿದಾರರನ್ನು ಬೇರೆಯವರ ಹತ್ತಿರ ಕಳಿಸುವುದು ತಪ್ಪುತ್ತದೆ.

ನಮ್ಮ ಕನ್ನಡದ ಕುಟುಂಬಗಳನ್ನೇ ನೋಡಿ. ಮನೆ ನ್ಯೂಜೆರ್ಸಿಯಲ್ಲಿ, ನಿವೃತ್ತಿಗೆ ಅಂತ ಕೊಂಡ ಫ್ಲ್ಯಾಟ್ ಫ್ಲೋರಿಡಾದಲ್ಲಿ, ಸೈಟು ಮೈಸೂರಿನಲ್ಲಿ. ಯಜಮಾನರು ತೀರಿಕೊಂಡರೆ ಫ್ಲೋರಿಡಾದ ಆಸ್ತಿಗೆ ಸಾಮಾನ್ಯವಾಗಿ ಅಲ್ಲಿಯ ಕೋರ್ಟಿನಲ್ಲೇ ಇನ್ನೊಂದು ಪ್ರಕ್ರಿಯೆ ನಡೆಯಬೇಕು. ಮೈಸೂರಿನ ಸೈಟಿಗೆ ಅಲ್ಲಿಯ ವಕೀಲರೇ ಬೇಕು, ನಾವು ಇಲ್ಲಿಂದ ಏನೂ ಮಾಡಲಾಗದು. ಇದನ್ನು ನೋಡಿ ಮಗಳು ಮೂರನೇ ಲೈಸೆನ್ಸ್ ಫ್ಲೋರಿಡಾದ್ದು ಅಂತ ಹೇಳಬಹುದು. ಸುಲಭ ಅಲ್ಲ. ನ್ಯೂಯಾರ್ಕ್ ಥರದ ರಾಜ್ಯಗಳು, ಹಿಂದಿನ ಏಳು ವರ್ಷದಲ್ಲಿ ಐದು ವರ್ಷ ಪ್ರಾಕ್ಟೀಸ್ ಮಾಡಿದ ಹೊರಗಿನ ವಕೀಲರನ್ನು, ಅವರ ರಾಜ್ಯವೂ ನಮ್ಮವರಿಗೆ ಹಾಗೇ ಬಾಗಿಲು ತೆರೆಯುವುದಾದರೆ, ಪರೀಕ್ಷೆ ಇಲ್ಲದೆ ಸೇರಿಸಿಕೊಳ್ಳುತ್ತವೆ. ಫ್ಲೋರಿಡಾ ಸಾಮಾನ್ಯವಾಗಿ ಅದಕ್ಕೆ ಒಪ್ಪುವುದಿಲ್ಲ, ಅದರದ್ದೇ ಪರೀಕ್ಷೆ ಬರೆಯಬೇಕು. ಕ್ಯಾಲಿಫೋರ್ನಿಯಾವೂ ಪರೀಕ್ಷೆ ಬಿಡುವುದಿಲ್ಲ. ಬೇರೆ ರಾಜ್ಯದಲ್ಲಿ ನಾಲ್ಕು ವರ್ಷ ಕಳೆದ ವಕೀಲರಿಗೆ ಬಹು ಆಯ್ಕೆ ಭಾಗ ಬಿಟ್ಟು, ಬರವಣಿಗೆಯ ಭಾಗ ಮಾತ್ರ ಅಷ್ಟೇ.

ಇನ್ನು ಸಾಕುವ ಖರ್ಚು. ಲೈಸೆನ್ಸ್ ಅಂದರೆ ಹಸು ಕಟ್ಟಿದ ಹಾಗೆ, ಹಾಲು ಕರೆಯಲಿ ಬಿಡಲಿ ಮೇವು ಹಾಕಲೇಬೇಕು. ನ್ಯೂಯಾರ್ಕ್‌ಗೆ ಎರಡು ವರ್ಷಕ್ಕೊಮ್ಮೆ 375 ಡಾಲರ್ ನೋಂದಣಿ. ನ್ಯೂಜೆರ್ಸಿಗೆ ಪ್ರತಿ ವರ್ಷ ಕಟ್ಟಬೇಕು. ಎರಡು ವರ್ಷಕ್ಕೆ 24 ಗಂಟೆ ಮುಂದುವರಿದ ಕಲಿಕೆ ಎರಡು ಕಡೆಯೂ ಇದೆ, ಹೊಸಬರಿಗೆ ನ್ಯೂಯಾರ್ಕ್‌ನಲ್ಲಿ ಮೊದಲ ಎರಡು ವರ್ಷಕ್ಕೆ 32 ಗಂಟೆ. ಪುಣ್ಯಕ್ಕೆ ಬಹಳಷ್ಟು ತರಗತಿಗಳು ಎರಡೂ ಕಡೆ ಲೆಕ್ಕಕ್ಕೆ ಬರುತ್ತವೆ. ಕಕ್ಷಿದಾರರ ದುಡ್ಡು ಇಡುವ ಟ್ರಸ್ಟ್ ಖಾತೆಯ ನಿಯಮ ಎರಡೂ ರಾಜ್ಯದ್ದೂ ಪಾಲಿಸಬೇಕು. ಇದರಲ್ಲಿ ನ್ಯೂಜೆರ್ಸಿ ಬಹಳ ಬಿಗಿ. ಲೆಕ್ಕ ತಪಾಸಣೆಗೆ ಆಫೀಸುಗಳನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ಕಕ್ಷಿದಾರರ ದುಡ್ಡನ್ನು ತಿಳಿದೂ ತಿಳಿದೂ ಬಳಸಿಕೊಂಡವರನ್ನು ಬಾರ್‌ನಿಂದಲೇ ತೆಗೆದುಹಾಕಬೇಕು ಅಂತ ಅಲ್ಲಿಯ ಸುಪ್ರೀಂ ಕೋರ್ಟ್ 1979ರಲ್ಲೇ ಹೇಳಿದೆ. ಮತ್ತೆ ಒಂದು ರಾಜ್ಯದಲ್ಲಿ ಶಿಕ್ಷೆ ಆದರೆ ಇನ್ನೊಂದಕ್ಕೆ ವಕೀಲರೇ ತಿಳಿಸಬೇಕು, ಅಲ್ಲಿಯೂ ಸಾಮಾನ್ಯವಾಗಿ ಅಂಥದ್ದೇ ಶಿಕ್ಷೆ ಬೀಳುತ್ತದೆ. ಎರಡು ಲೈಸೆನ್ಸ್ ಇದ್ದರೆ ಒಂದು ಹೋದರೂ ಇನ್ನೊಂದು ಇರುತ್ತದೆ ಅನ್ನುವ ಲೆಕ್ಕ ನಡೆಯುವುದಿಲ್ಲ.

ನನಗೂ ಒಮ್ಮೆ ಮೂರನೇ ಲೈಸೆನ್ಸ್ ಹುಚ್ಚು ಹಿಡಿದಿತ್ತು. ಪೆನ್ಸಿಲ್ವೇನಿಯಾದ್ದು ತೆಗೆದುಕೊಂಡೆ. ವಿಸಿಟಿಂಗ್ ಕಾರ್ಡಿನಲ್ಲಿ ಚೆನ್ನಾಗಿ ಕಾಣುತ್ತಿತ್ತು. ಆರು ವರ್ಷದಲ್ಲಿ ಅಲ್ಲಿಂದ ಬಂದ ಕಕ್ಷಿದಾರರು ಇಬ್ಬರು. ಪ್ರತಿ ವರ್ಷದ ಫೀ, ತರಗತಿ, ಅಲ್ಲಿಯ ಕಾನೂನಿನ ಹೊಸ ತೀರ್ಪು ಓದುವ ಹೊತ್ತು, ಎಲ್ಲ ಲೆಕ್ಕ ಹಾಕಿ ಕೊನೆಗೆ ಇನ್‌ಆ್ಯಕ್ಟಿವ್ ಮಾಡಿಸಿದೆ. ಅದಕ್ಕೇ ಹೇಳುವುದು: ಎರಡು ಈಗಲೇ ತೆಗೆದುಕೊಳ್ಳಲಿ, ಅಂಕ ಬಿಸಿಯಿರುವಾಗಲೇ. ಮೂರನೆಯದು ಆ ರಾಜ್ಯದಿಂದ ನಿಜವಾದ ಕಕ್ಷಿದಾರರು ಬಾಗಿಲು ತಟ್ಟಿದ ಮೇಲೆ, ಅಥವಾ ಮದುವೆಯಾಗಿ ಆ ಕಡೆ ಹೋಗಬೇಕಾದಾಗ. ಮನೆಯಿಂದಲೇ ಕೆಲಸ ಅಂದರೂ ಭಯ ಬೇಡ. ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಕೂತು ತನ್ನ ನ್ಯೂಯಾರ್ಕ್ ಕಕ್ಷಿದಾರರಿಗೆ ನ್ಯೂಯಾರ್ಕ್ ಕಾನೂನಿನ ಕೆಲಸ ಮಾಡುತ್ತಾ, ಅಲ್ಲಿಯ ವಕೀಲೆ ಅಂತ ತೋರಿಸಿಕೊಳ್ಳದೇ ಇದ್ದರೆ, ಆ ರಾಜ್ಯ ಬೇಡ ಅಂದಿಲ್ಲದಿದ್ದರೆ, ತಪ್ಪಿಲ್ಲ ಅಂತ ಅಮೆರಿಕನ್ ಬಾರ್ ಅಸೋಸಿಯೇಷನ್ 2020ರಲ್ಲಿ ಅಭಿಪ್ರಾಯ ಕೊಟ್ಟಿದೆ.

ಕೊನೆಗೆ ನಿಮ್ಮ ತಮ್ಮನ ಮಗ. ಭಾರತದ ಕಾನೂನು ಡಿಗ್ರಿ ಇದ್ದವರಿಗೆ ಮುಖ್ಯವಾಗಿ ತೆರೆದಿರುವ ಬಾಗಿಲು ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾ. ನಮ್ಮದೂ ಬ್ರಿಟಿಷರಿಂದ ಬಂದ ಕಾಮನ್ ಲಾ ಆದ್ದರಿಂದ ನ್ಯೂಯಾರ್ಕ್‌ನಲ್ಲಿ ಅನುಕೂಲ ಇದೆ. ಕೆಲವರಿಗೆ ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಡಿಗ್ರಿ) ಇಲ್ಲದೆಯೇ ಪರೀಕ್ಷೆಗೆ ಅವಕಾಶ ಸಿಗುತ್ತದೆ. ಕೆಲವರಿಗೆ ಇಲ್ಲಿ 24 ಕ್ರೆಡಿಟ್‌ನ ಎಲ್‌ಎಲ್‌ಎಂ ಮಾಡಿ ಬನ್ನಿ ಅಂತಾರೆ. ಡಿಗ್ರಿ ಎಷ್ಟು ವರ್ಷದ್ದು, ತರಗತಿಗೆ ಹೋಗಿ ಓದಿದ್ದಾ ಅಂತ ನೋಡಿ ನಿರ್ಧಾರ ಮಾಡುತ್ತಾರೆ. ಆದರೆ ನಿಮ್ಮ ಮಗಳ ಹಾಗೆ ಸುಲಭವಾಗಿ ಎರಡನೇ ರಾಜ್ಯಕ್ಕೆ ಅಂಕ ಒಯ್ಯಲು ಅವನಿಗೆ ಆಗದಿರಬಹುದು. ಅಂಕ ಎಷ್ಟೇ ಬಂದಿರಲಿ, ಬಹಳ ರಾಜ್ಯಗಳು ಇಲ್ಲಿಯ ಮಾನ್ಯ ಕಾಲೇಜಿನ ಜೆಡಿ ಇದೆಯಾ ಅಂತಲೇ ಮೊದಲು ಕೇಳುತ್ತವೆ. ಹಾಗಾಗಿ ಅವನು ಮೊದಲು ಪರೀಕ್ಷೆ ನಡೆಸುವ ನ್ಯೂಯಾರ್ಕ್ ಬೋರ್ಡ್ ಆಫ್ ಲಾ ಎಕ್ಸಾಮಿನರ್ಸ್‌ಗೆ ಅರ್ಹತೆ ಪರಿಶೀಲಿಸಿ ಅಂತ ಅರ್ಜಿ ಹಾಕಲಿ. ಅಂಕಪಟ್ಟಿ ಯೂನಿವರ್ಸಿಟಿಯಿಂದಲೇ ನೇರವಾಗಿ ಅವರಿಗೆ ಹೋಗಬೇಕು, ಅದಕ್ಕೇ ತಿಂಗಳುಗಟ್ಟಲೆ ಹಿಡಿಯಬಹುದು. ಎಲ್‌ಎಲ್‌ಎಂ ಫೀಗೆ ನಿಮ್ಮ ತಮ್ಮ ಬ್ಯಾಂಕಿನಲ್ಲಿ ಸಾಲಕ್ಕೆ ಸಹಿ ಹಾಕುವ ಮೊದಲು ಬೋರ್ಡಿನ ಉತ್ತರ ಕೈಗೆ ಬಂದಿರಲಿ.